ಸ್ಲೈಡರ್‌ನ ಚುಕ್ಕಿಗಳು ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಚಿಕ್ಕಮಗಳೂರು ಕಡೆಯ ಒಂದು ಹೋಂಸ್ಟೇಯ ಜಾಲತಾಣ. ಮುಖಪುಟದಲ್ಲಿ ಐದು ಚಿತ್ರಗಳ ಸ್ಲೈಡರ್ (ಒಂದಾದ ಮೇಲೊಂದು ಚಿತ್ರ ಜರುಗುವ ಪೆಟ್ಟಿಗೆ), ಅದರ ತಳದಲ್ಲಿ ಈಗ ಯಾವ ಚಿತ್ರ ಎಂದು ತೋರಿಸಲು ಚಿತ್ರಕ್ಕೊಂದರಂತೆ ಐದು ಬಿಳಿ ಚುಕ್ಕಿ. ಬೇಸಿಗೆಯಲ್ಲಿ ಮಾಡಿಕೊಟ್ಟಾಗ ಯಾವ ತಕರಾರೂ ಇರಲಿಲ್ಲ. ಜುಲೈಯಲ್ಲಿ ಮಾಲೀಕರು ಫೋನ್ ಮಾಡಿ, "ಚುಕ್ಕಿಗಳು ಮಾಯವಾಗಿವೆಯಲ್ಲ, ನೀವೇನಾದರೂ ಮುಟ್ಟಿದಿರಾ?" ಎಂದರು. ನಾನು ಮುಟ್ಟಿರಲಿಲ್ಲ. ಎರಡು ಗಂಟೆ ಕೂತು ಜಾವಾಸ್ಕ್ರಿಪ್ಟ್ ಕಡತಗಳನ್ನು ತಿರುವಿ ಹಾಕಿದೆ, ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದೆ. ಕೊನೆಗೆ ತಿಳಿದದ್ದು ಇಷ್ಟು: ಅವರು ಮಳೆಗಾಲದ ಹೊಸ ಫೋಟೋಗಳನ್ನು ಏರಿಸಿದ್ದರು. ಗುಡ್ಡವೂ ಇಲ್ಲ, ತೋಟವೂ ಇಲ್ಲ, ಚಿತ್ರದ ತುಂಬ ಮಂಜು. ಬಿಳಿ ಮಂಜಿನ ಮೇಲೆ ಬಿಳಿ ಚುಕ್ಕಿ.

ಆಮೇಲಿನಿಂದ ಚುಕ್ಕಿಯ ದೂರು ಬಂದರೆ ಕೋಡ್ ತೆರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಚುಕ್ಕಿ ಪುಟದಲ್ಲಿ ಇಲ್ಲವೋ, ಇದ್ದೂ ಕಾಣುತ್ತಿಲ್ಲವೋ? ಈ ಎರಡರ ಕಾರಣಗಳು ಬೇರೆ, ಪರಿಹಾರಗಳೂ ಬೇರೆ. ಇದನ್ನು ಮೊದಲೇ ಬಿಡಿಸಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಇಲ್ಲಿ ಹೇಳುವುದೆಲ್ಲ ಸ್ವೈಪರ್, ಸ್ಲಿಕ್, ಬೂಟ್‌ಸ್ಟ್ರ್ಯಾಪ್ ಎಂಬ ಲೈಬ್ರರಿಗಳ (ಸಿದ್ಧ ಕೋಡಿನ ಕಟ್ಟುಗಳ) ಸ್ಲೈಡರ್‌ಗಳಿಗೂ ಕೈಯಾರೆ ಬರೆದುಕೊಂಡವುಗಳಿಗೂ ಅನ್ವಯಿಸುತ್ತದೆ. ಕೋಡಿನ ಹೆಸರುಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕಡತದಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ಆಯಾ ಲೈಬ್ರರಿಯ ಕೈಪಿಡಿಯಲ್ಲಿ ಇರುವಂತೆಯೇ ಬರೆಯಬೇಕು.

## ಕೈ ಹಾಕುವ ಮೊದಲು

ಬದಲಿಸಲಿರುವ ಕಡತದ ಒಂದು ಪ್ರತಿಯನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ವರ್ಡ್‌ಪ್ರೆಸ್ ಆದರೆ ಥೀಮ್‌ನ ಮೂಲ ಕಡತಕ್ಕೆ ನೇರವಾಗಿ ಕೈ ಹಾಕಬೇಡಿ, ಅದರ ಮೇಲೆ ಕೂರುವ ಪ್ರತ್ಯೇಕ ಪದರವಾದ ಚೈಲ್ಡ್ ಥೀಮ್‌ನಲ್ಲಿ ಮಾಡಿ. ಮೂಲದಲ್ಲಿ ಮಾಡಿದ ತಿದ್ದುಪಡಿ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ. ಪಿಎಚ್‌ಪಿ ಕಡತದಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೂ ಇಡೀ ತಾಣ ಬಿಳಿ ಪುಟವಾಗಬಹುದು. ಚುಕ್ಕಿ ಹುಡುಕಲು ಹೋಗಿ ತಾಣವನ್ನೇ ಕಳೆದುಕೊಳ್ಳುವುದು ಬೇಡ.

ಎಲ್ಲೋ ಸಿಕ್ಕಿದ ಕೋಡನ್ನು ಅರ್ಥವಾಗದೆ ಬ್ರೌಸರ್‌ನ ಕನ್ಸೋಲ್‌ಗೆ (ಕೋಡ್ ಓಡಿಸುವ, ದೋಷಗಳನ್ನು ತೋರಿಸುವ ಫಲಕಕ್ಕೆ) ಅಂಟಿಸಬೇಡಿ, ಅದರಲ್ಲೂ ನಿರ್ವಾಹಕರಾಗಿ ಲಾಗಿನ್ ಆಗಿರುವಾಗ. ಆ ಕೋಡ್ ನಿಮ್ಮ ಅಧಿಕಾರದಲ್ಲೇ ಓಡುತ್ತದೆ. ಹೊರಗಿನ ಸರ್ವರ್‌ನಿಂದ ಲೈಬ್ರರಿ ಎಳೆದುಕೊಳ್ಳುವುದಾದರೆ ಆವೃತ್ತಿಯ ಸಂಖ್ಯೆಯನ್ನು ವಿಳಾಸದಲ್ಲಿ ನಿಗದಿ ಮಾಡಿ. 2024ರಲ್ಲಿ ಪಾಲಿಫಿಲ್ ಡಾಟ್ ಐಒ ಎಂಬ ಡೊಮೇನ್ ಕೈಬದಲಾಗಿ, ಅಲ್ಲಿಂದ ಕೋಡ್ ಎಳೆದುಕೊಳ್ಳುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ತಾಣಗಳಿಗೆ ದುರುದ್ದೇಶದ ಕೋಡ್ ಸೇರಿತು. ಸಾಧ್ಯವಿದ್ದರೆ ಲೈಬ್ರರಿಯ ಕಡತಗಳನ್ನು ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳಿ.

## ಚುಕ್ಕಿಗಳೇ ಕಾಣುತ್ತಿಲ್ಲ

ಖರ್ಚಿಲ್ಲದ ಪರೀಕ್ಷೆ ಮೊದಲು. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ ಪುಟವನ್ನು ಹೊಸದಾಗಿ ತರಿಸಿಕೊಳ್ಳಿ. ಆಗಲೂ ಇಲ್ಲದಿದ್ದರೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಕಂಡರೆ ದೋಷ ನಿಮ್ಮ ಬ್ರೌಸರ್‌ನ ಹಳೆಯ ಕ್ಯಾಶ್‌ನಲ್ಲಿದೆ (ಮತ್ತೆ ಬೇಗ ತೆರೆಯಲೆಂದು ಉಳಿಸಿಕೊಂಡ ಪ್ರತಿಯಲ್ಲಿದೆ) ಅಥವಾ ಯಾವುದೋ ಎಕ್ಸ್‌ಟೆನ್ಷನ್‌ನಲ್ಲಿದೆ. ತಾಣದಲ್ಲಿ ಕ್ಯಾಶ್ ಪ್ಲಗಿನ್ ಇದ್ದರೆ ಅದನ್ನೂ ಖಾಲಿ ಮಾಡಿ. ನಾವು ತಿದ್ದಿದ್ದು ಸರಿಯೇ ಇದ್ದು, ಸರ್ವರ್ ಮಾತ್ರ ನಿನ್ನೆಯ ಕಡತವನ್ನೇ ಬಡಿಸುತ್ತಿರುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಸ್ಲೈಡರ್‌ನ ತಳಭಾಗದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಇನ್‌ಸ್ಪೆಕ್ಟ್ ಆರಿಸಿ. ತೆರೆದುಕೊಳ್ಳುವ ಎಚ್‌ಟಿಎಂಎಲ್ ಮರದಲ್ಲಿ (ಪುಟದ ಟ್ಯಾಗ್‌ಗಳು ಒಂದರೊಳಗೊಂದು ಕಾಣುವ ಪಟ್ಟಿಯಲ್ಲಿ) ಕಂಟ್ರೋಲ್ ಮತ್ತು ಎಫ್ ಒತ್ತಿ ಹುಡುಕಿ: ಸ್ವೈಪರ್ ಆದರೆ "ಸ್ವೈಪರ್-ಪೇಜಿನೇಶನ್-ಬುಲೆಟ್", ಸ್ಲಿಕ್ ಆದರೆ "ಸ್ಲಿಕ್-ಡಾಟ್ಸ್", ಬೂಟ್‌ಸ್ಟ್ರ್ಯಾಪ್ ಆದರೆ "ಕ್ಯಾರೊಸೆಲ್-ಇಂಡಿಕೇಟರ್ಸ್". ಇಲ್ಲಿಂದ ದಾರಿ ಎರಡಾಗುತ್ತದೆ.

ಮರದಲ್ಲಿ ಇದೆ, ಪರದೆಯ ಮೇಲೆ ಇಲ್ಲ. ಇದು ಬಣ್ಣ, ಅಳತೆ, ಜಾಗ ಹೇಳುವ ಸಿಎಸ್‌ಎಸ್‌ನ ಕೆಲಸ. ಜಾವಾಸ್ಕ್ರಿಪ್ಟ್ ಕಡೆ ತಲೆ ಹಾಕಲೇಬೇಡಿ.

ಮೊದಲು ಬಣ್ಣ ನೋಡಿ. ಸ್ವೈಪರ್‌ನಲ್ಲಿ ನಾವೇನೂ ಹೇಳದಿದ್ದರೆ ಸಕ್ರಿಯ ಚುಕ್ಕಿ ನೀಲಿ, ಉಳಿದವು ಶೇ. 20ರಷ್ಟು ಗಾಢತೆಯ ಕಪ್ಪು. ಕಾಫಿ ತೋಟದ ಕಡುಹಸಿರು ಫೋಟೋ ಮೇಲೆ ಆ ತೆಳುಗಪ್ಪು ಕರಗಿಹೋಗಿ, ಒಂದೇ ಒಂದು ನೀಲಿ ಚುಕ್ಕಿ ಇರುವಂತೆ ಕಾಣುತ್ತದೆ. "ಐದು ಚಿತ್ರಕ್ಕೆ ಒಂದೇ ಚುಕ್ಕಿ ಬರುತ್ತಿದೆ" ಎಂಬ ದೂರು ಎಷ್ಟೋ ಸಲ ಇದೇ. ಪರೀಕ್ಷೆಗೆ ಇನ್‌ಸ್ಪೆಕ್ಟ್ ಫಲಕದಲ್ಲೇ ಚುಕ್ಕಿಯ ಹಿನ್ನೆಲೆಯನ್ನು ಕಡುಗೆಂಪು ಮಾಡಿ. ಕೆಂಪು ಕಂಡಿತೆಂದರೆ ರೋಗ ಬಣ್ಣದ್ದು. ಯಾವ ಬಣ್ಣ ಇಟ್ಟರೂ ಯಾವುದೋ ಒಂದು ಫೋಟೋ ಅದನ್ನು ನುಂಗಿಯೇ ನುಂಗುತ್ತದೆ. ಆದ್ದರಿಂದ ಬಿಳಿ ಚುಕ್ಕಿಗೆ ಕಪ್ಪು ಅಂಚು ಕೊಡಿ, ಇಲ್ಲವೇ ಚುಕ್ಕಿಗಳ ಸಾಲಿನ ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ ಹಾಕಿ. ಹೋಂಸ್ಟೇಗೆ ನಾನು ಮಾಡಿದ್ದು ಪಟ್ಟಿಯನ್ನೇ. ಈಗ ಮಂಜು ಬರಲಿ, ಬಿಸಿಲು ಬರಲಿ, ಕಾಣುತ್ತದೆ.

ಬಣ್ಣ ಕೆಂಪಾದರೂ ಕಾಣದಿದ್ದರೆ ಜಾಗ ನೋಡಿ. ಸ್ಲಿಕ್‌ನ ಥೀಮ್ ಕಡತವು ಚುಕ್ಕಿಗಳನ್ನು ಸ್ಲೈಡರ್‌ನ ತಳದಿಂದ 25 ಪಿಕ್ಸೆಲ್ ಕೆಳಗೆ, ಅಂದರೆ ಪೆಟ್ಟಿಗೆಯ ಹೊರಗೆ ಇಡುತ್ತದೆ. ಹೊರಗಿನ ಪೆಟ್ಟಿಗೆಗೆ ಯಾರೋ "ಓವರ್‌ಫ್ಲೋ ಹಿಡನ್" ಕೊಟ್ಟಿದ್ದರೆ ಹೊರಚಾಚಿದ ಚುಕ್ಕಿಗಳು ಕತ್ತರಿಸಿಹೋಗುತ್ತವೆ. ಪೆಟ್ಟಿಗೆಗೆ ತಳದಲ್ಲಿ 40 ಪಿಕ್ಸೆಲ್ ಪ್ಯಾಡಿಂಗ್ ಕೊಡಿ, ಅಥವಾ ಥೀಮ್ ಕಡತದಲ್ಲಿ "ಬಾಟಮ್" ಎಂಬಲ್ಲಿರುವ ಋಣ 25ನ್ನು ಧನ 15 ಮಾಡಿ ಚುಕ್ಕಿಗಳನ್ನು ಚಿತ್ರದ ಮೇಲೆಯೇ ಕೂರಿಸಿ.

ಕೈಯಾರೆ ಬರೆದ ಸ್ಲೈಡರ್‌ನಲ್ಲಿ ಇನ್ನೊಂದು ಹಳೆಯ ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಚುಕ್ಕಿಗೆಂದು ಖಾಲಿ ಸ್ಪ್ಯಾನ್ ಟ್ಯಾಗ್ ಹಾಕಿ, ಅಗಲ 10, ಎತ್ತರ 10 ಎಂದು ಕೊಟ್ಟಿರುತ್ತೇವೆ. ಸ್ಪ್ಯಾನ್ ಎಂಬುದು ಸಾಲಿನೊಳಗಿನ ಅಕ್ಷರದ ಜಾತಿಗೆ ಸೇರಿದ್ದು. ಅಗಲ ಎತ್ತರ ಹೇಳಿದರೆ ಕೇಳುವುದಿಲ್ಲ. ಒಳಗೆ ಅಕ್ಷರವೂ ಇಲ್ಲವಾದ್ದರಿಂದ ಅಗಲ ಸೊನ್ನೆ. "ಡಿಸ್‌ಪ್ಲೇ ಇನ್‌ಲೈನ್-ಬ್ಲಾಕ್" ಎಂದು ಸೇರಿಸಿದ ತಕ್ಷಣ ಎದ್ದು ನಿಲ್ಲುತ್ತವೆ. ಇನ್ನೂ ಒಳ್ಳೆಯದೆಂದರೆ ಸ್ಪ್ಯಾನ್ ಬಿಟ್ಟು ಬಟನ್ ಟ್ಯಾಗ್ ಬಳಸುವುದು. ಕಾರಣ ಮುಂದೆ ಬರುತ್ತದೆ.

ಮರದಲ್ಲಿ ಪೇಜಿನೇಶನ್‌ನ (ಚುಕ್ಕಿಗಳ ಸಾಲಿಗೆ ಸ್ವೈಪರ್ ಇಟ್ಟ ಹೆಸರು) ಪೆಟ್ಟಿಗೆಗೆ "ಸ್ವೈಪರ್-ಪೇಜಿನೇಶನ್-ಲಾಕ್" ಎಂಬ ವರ್ಗ (ಕ್ಲಾಸ್) ಅಂಟಿಕೊಂಡಿದ್ದರೆ ಅದು ದೋಷವೇ ಅಲ್ಲ. ಒಮ್ಮೆಗೆ ಮೂರು ಚಿತ್ರ ತೋರಿಸು ಎಂದು ಹೇಳಿ, ಒಟ್ಟು ಮೂರೇ ಚಿತ್ರ ಕೊಟ್ಟಿದ್ದೀರಿ. ಜರುಗಲು ಏನೂ ಇಲ್ಲವೆಂದು ಸ್ವೈಪರ್ ತಾನಾಗಿಯೇ ಚುಕ್ಕಿಗಳನ್ನು ಮರೆಮಾಡಿದೆ. ಸ್ಲಿಕ್ ಇನ್ನೂ ಕಟ್ಟುನಿಟ್ಟು, ಇಂಥ ಹೊತ್ತಿನಲ್ಲಿ ಚುಕ್ಕಿಗಳನ್ನು ಸೃಷ್ಟಿಸುವುದೇ ಇಲ್ಲ. ಅಗಲದ ಪರದೆಯಲ್ಲಿ ಚುಕ್ಕಿ ಇಲ್ಲ, ಮೊಬೈಲ್‌ನಲ್ಲಿ ಇದೆ ಎಂದು ಯಾರಾದರೂ ಹೇಳಿದರೆ ಮೊದಲು ಚಿತ್ರಗಳನ್ನು ಎಣಿಸಿ.

ಮರದಲ್ಲೇ ಇಲ್ಲ. ಹಾಗಾದರೆ ಚುಕ್ಕಿಗಳನ್ನು ಹುಟ್ಟಿಸಬೇಕಾದ ಕೋಡ್ ಓಡಿಲ್ಲ, ಅಥವಾ ಹುಟ್ಟಿಸು ಎಂದು ಅದಕ್ಕೆ ಯಾರೂ ಹೇಳಿಲ್ಲ. ಎಫ್ 12 ಒತ್ತಿ ಕನ್ಸೋಲ್ ತೆರೆಯಿರಿ.

ಕೆಂಪು ಸಾಲು ಒಂದೂ ಇಲ್ಲವೆಂದರೆ ಹೇಳಿಲ್ಲವೆಂದೇ ಅರ್ಥ. ಸ್ಲಿಕ್‌ನಲ್ಲಿ "ಡಾಟ್ಸ್" ಎಂಬ ಆಯ್ಕೆ ಮೂಲದಲ್ಲಿ ಮುಚ್ಚಿರುತ್ತದೆ, ನಾವೇ "ಟ್ರೂ" ಎನ್ನಬೇಕು. ಸ್ವೈಪರ್‌ನಲ್ಲಿ ಎರಡು ಕೆಲಸ ಆಗಬೇಕು: ಎಚ್‌ಟಿಎಂಎಲ್‌ನಲ್ಲಿ ಚುಕ್ಕಿಗಳಿಗೆ ಒಂದು ಖಾಲಿ ಪೆಟ್ಟಿಗೆ ಇರಬೇಕು, ಪೇಜಿನೇಶನ್ ಆಯ್ಕೆಯ "ಇಎಲ್" ಎಂಬಲ್ಲಿ ಆ ಪೆಟ್ಟಿಗೆಯ ಹೆಸರು ಇರಬೇಕು. ಹೆಸರಿನ ಮುಂದಿನ ಬಿಂದು ಬಿಟ್ಟುಹೋದರೂ ಚುಕ್ಕಿಗಳು ಬರುವುದಿಲ್ಲ. ಚುಕ್ಕಿ ಬರಲು ಒಂದು ಚುಕ್ಕಿ ಬೇಕು ಎಂದು ಹೊಸಬರಿಗೆ ಹೇಳುವುದುಂಟು.

ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ಇಳಿಸಿಕೊಳ್ಳುವ ಸಾಧನ) ಮೂಲಕ ಸ್ವೈಪರ್ ತಂದುಕೊಂಡವರು ಎಡವುವುದು ಇನ್ನೊಂದು ಕಡೆ. ಹಾಗೆ ಬರುವುದು ತಿರುಳು ಮಾತ್ರ. ಪೇಜಿನೇಶನ್ ಬೇರೆಯೇ ಮಾಡ್ಯೂಲ್. ಅದನ್ನು ಇಂಪೋರ್ಟ್ ಮಾಡಬೇಕು, ಮಾಡ್ಯೂಲ್‌ಗಳ ಪಟ್ಟಿಗೆ ಸೇರಿಸಬೇಕು, ಅದರ ಸಿಎಸ್‌ಎಸ್ಸನ್ನೂ ಪ್ರತ್ಯೇಕವಾಗಿ ತರಬೇಕು. ಸಿಎಸ್‌ಎಸ್ ಒಂದನ್ನು ಮರೆತರೆ ಚುಕ್ಕಿಗಳು ಮರದಲ್ಲಿ ಇರುತ್ತವೆ, ಅಗಲ ಎತ್ತರ ಬಣ್ಣ ಇರುವುದಿಲ್ಲ. ಅಂದರೆ ಮತ್ತೆ ಮೇಲಿನ ದಾರಿಗೇ ಬರುತ್ತೀರಿ.

ಹಳೆಯ ಪಾಠ ನೋಡಿ ಹೊಸ ಲೈಬ್ರರಿ ಹಾಕಿದ್ದೀರಾ ಎಂಬುದನ್ನೂ ನೋಡಿ. ಸ್ವೈಪರ್ 7ನೇ ಆವೃತ್ತಿಯಲ್ಲಿ ಹೊರಪೆಟ್ಟಿಗೆಯ ವರ್ಗದ ಹೆಸರು "ಸ್ವೈಪರ್-ಕಂಟೈನರ್" ಇದ್ದದ್ದು ಬರೀ "ಸ್ವೈಪರ್" ಆಯಿತು. ಹಳೆಯ ಹೆಸರೇ ಉಳಿದರೆ ಚುಕ್ಕಿ ಮಾತ್ರವಲ್ಲ, ಇಡೀ ವಿನ್ಯಾಸ ಚೆಲ್ಲಾಪಿಲ್ಲಿಯಾಗುತ್ತದೆ.

ಕನ್ಸೋಲ್‌ನಲ್ಲಿ ಕೆಂಪು ಸಾಲು ಇದ್ದರೆ ಅದೃಷ್ಟ, ಅದೇ ದಾರಿ ತೋರಿಸುತ್ತದೆ. "ಸ್ಲಿಕ್ ಈಸ್ ನಾಟ್ ಎ ಫಂಕ್ಷನ್" ಎಂದಿದ್ದರೆ ತನಗೆ ಆಧಾರವಾದ ಜೆಕ್ವೆರಿ ಲೈಬ್ರರಿಗಿಂತ ಮೊದಲೇ ಸ್ಲಿಕ್ ಬಂದಿದೆ, ಅಥವಾ ಪುಟದಲ್ಲಿ ಜೆಕ್ವೆರಿ ಎರಡು ಸಲ ಇದೆ. ಮೊದಲನೆಯದಕ್ಕೆ ಸ್ಲಿಕ್ ಅಂಟಿಕೊಂಡ ಮೇಲೆ ಎರಡನೆಯದು ಬಂದು ಆ ಜಾಗದಲ್ಲಿ ಕೂತಿರುತ್ತದೆ. ಥೀಮ್ ಒಂದನ್ನು, ಪ್ಲಗಿನ್ ಇನ್ನೊಂದನ್ನು ತರುವುದು ವರ್ಡ್‌ಪ್ರೆಸ್‌ನಲ್ಲಿ ದಿನದ ಮಾತು. "ನಲ್" ಎಂಬ ಪದವಿದ್ದರೆ ನಿಮ್ಮ ಸ್ಕ್ರಿಪ್ಟ್ ಸ್ಲೈಡರ್‌ನ ಎಚ್‌ಟಿಎಂಎಲ್ ಬರುವ ಮೊದಲೇ ಓಡಿ, ಖಾಲಿ ಜಾಗದಲ್ಲಿ ಹುಡುಕಿ ಕೈಚೆಲ್ಲಿದೆ. ಸ್ಕ್ರಿಪ್ಟ್ ಟ್ಯಾಗ್‌ಗೆ "ಡಿಫರ್" ಸೇರಿಸಿ.

ಒಂದು ಬ್ರೌಸರ್‌ನಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ ಎಂಬುದು ಇತ್ತೀಚಿನ ಲಕ್ಷಣ. ಜಾವಾಸ್ಕ್ರಿಪ್ಟ್ ಇಲ್ಲದೆ ಬರೀ ಸಿಎಸ್‌ಎಸ್‌ನಿಂದ ಚುಕ್ಕಿ ಹುಟ್ಟಿಸುವ "ಸ್ಕ್ರೋಲ್-ಮಾರ್ಕರ್" ಸೌಲಭ್ಯ 2025ರಲ್ಲಿ ಕ್ರೋಮ್ 135ರೊಂದಿಗೆ ಬಂತು. ಅದನ್ನು ಅರಿಯದ ಬ್ರೌಸರ್ ಆ ಸಾಲುಗಳನ್ನು ಸುಮ್ಮನೆ ದಾಟಿಹೋಗುತ್ತದೆ, ದೂರು ಸಹ ಹೇಳುವುದಿಲ್ಲ. ಸೊಗಸಾದ ಸೌಲಭ್ಯವೇ ಹೌದು, ಆದರೆ ಗಿರಾಕಿಯ ತಾಣದಲ್ಲಿ ಚುಕ್ಕಿಗಳಿಗೆ ಅದೊಂದನ್ನೇ ನೆಚ್ಚಿಕೊಳ್ಳಲು ನನಗೆ ಧೈರ್ಯ ಸಾಲದು.

## ಚುಕ್ಕಿ ಬರಬೇಕಾದಲ್ಲಿ 1, 2, 3 ಎಂದು ಬರುತ್ತಿದೆ

ಸ್ಲಿಕ್‌ಗೆ ಸಿಎಸ್‌ಎಸ್ ಕಡತಗಳು ಎರಡು. ಎರಡನೆಯದಾದ ಥೀಮ್ ಕಡತ ಬಂದಿಲ್ಲ, ಅಂಕಿಗಳನ್ನು ಮರೆಸಿ ಚುಕ್ಕಿ ಬಿಡಿಸುವುದು ಅದೇ. ನೆಟ್‌ವರ್ಕ್ ಫಲಕದಲ್ಲಿ ಅದರ ಮುಂದೆ 404 (ಕಡತ ಸಿಗಲಿಲ್ಲ ಎಂಬ ಸಂಕೇತ) ಇದೆಯೇ ನೋಡಿ. ಮನೆಯ ಕಂಪ್ಯೂಟರ್‌ನಲ್ಲಿ ಸರಿಯಿದ್ದು ಸರ್ವರ್‌ಗೆ ಏರಿಸಿದ ಮೇಲೆ ಕೆಟ್ಟಿತೆಂದರೆ ಕಡತದ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಪರೀಕ್ಷಿಸಿ. ವಿಂಡೋಸ್ ಎರಡನ್ನೂ ಒಂದೆಂದು ಭಾವಿಸುತ್ತದೆ, ಲಿನಕ್ಸ್ ಸರ್ವರ್ ಭಾವಿಸುವುದಿಲ್ಲ.

ಬೂಟ್‌ಸ್ಟ್ರ್ಯಾಪ್‌ನಲ್ಲಿ ಚುಕ್ಕಿಯ ಬದಲು ಸಣ್ಣ ಗೆರೆಗಳು ಬಂದರೆ ಗಾಬರಿ ಬೇಡ. ಅದರ ಮೂಲರೂಪವೇ 30 ಪಿಕ್ಸೆಲ್ ಅಗಲ, 3 ಪಿಕ್ಸೆಲ್ ಎತ್ತರದ ಪಟ್ಟಿ. ಎರಡನ್ನೂ 10 ಮಾಡಿ, ಅಂಚಿನ ದುಂಡನ್ನು ಶೇ. 50 ಕೊಟ್ಟರೆ ಚುಕ್ಕಿ.

## ಚುಕ್ಕಿ ಕಾಣುತ್ತದೆ, ಒತ್ತಿದರೆ ಕದಲುವುದಿಲ್ಲ

ಸ್ವೈಪರ್ ಆದರೆ "ಕ್ಲಿಕಬಲ್" ಎಂಬ ಆಯ್ಕೆ ನೋಡಿ. ಅದನ್ನು "ಟ್ರೂ" ಎನ್ನದಿದ್ದರೆ ಚುಕ್ಕಿ ನೋಡುವುದಕ್ಕೆ ಮಾತ್ರ. ಹತ್ತರಲ್ಲಿ ಏಳೆಂಟು ದೂರು ಇಲ್ಲಿಗೇ ಮುಗಿಯುತ್ತವೆ ಎಂಬುದು ನನ್ನ ಅಂದಾಜು.

ಬೂಟ್‌ಸ್ಟ್ರ್ಯಾಪ್ ಆದರೆ 2021ರಲ್ಲಿ ಬಂದ 5ನೇ ಆವೃತ್ತಿಯಲ್ಲಿ "ಡೇಟಾ-ಸ್ಲೈಡ್-ಟು" ಎಂಬುದು "ಡೇಟಾ-ಬಿಎಸ್-ಸ್ಲೈಡ್-ಟು" ಆಗಿದೆ, "ಡೇಟಾ-ಟಾರ್ಗೆಟ್" ಸಹ ಹಾಗೆಯೇ. ನಡುವಿನ "ಬಿಎಸ್" ಇಲ್ಲದಿದ್ದರೆ ಚುಕ್ಕಿಗೆ ಕಿವಿಯೇ ಇರುವುದಿಲ್ಲ. ಎಣಿಕೆ ಸೊನ್ನೆಯಿಂದ ಆರಂಭ ಎಂಬುದೂ ನೆನಪಿರಲಿ.

ಇವೆರಡೂ ಸರಿಯಿದ್ದರೆ ಮೇಲೆ ಏನೋ ಹೊದಿಕೆ ಇದೆ ಎಂದು ಸಂಶಯಿಸಿ. ಫೋಟೋ ಮೇಲೆ ಅಕ್ಷರ ಎದ್ದುಕಾಣಲೆಂದು ವಿನ್ಯಾಸಕಾರರು ಕಪ್ಪು ಛಾಯೆಯ ಒಂದು ಪದರ ಹಾಸಿರುತ್ತಾರೆ. ಪಾರದರ್ಶಕವಾದ್ದರಿಂದ ಚುಕ್ಕಿ ಕಾಣುತ್ತದೆ, ಆದರೆ ಬೆರಳು ತಾಗುವುದು ಪದರಕ್ಕೆ. ಚುಕ್ಕಿಯ ಮೇಲೆ ಬಲಗುಂಡಿ ಒತ್ತಿ ಇನ್‌ಸ್ಪೆಕ್ಟ್ ಕೊಟ್ಟಾಗ ಚುಕ್ಕಿಯ ಬದಲು ಬೇರೆ ಯಾವುದೋ ಪೆಟ್ಟಿಗೆ ಆಯ್ಕೆಯಾದರೆ ಕಳ್ಳ ಸಿಕ್ಕಿದಂತೆ. ಆ ಪದರಕ್ಕೆ "ಪಾಯಿಂಟರ್-ಈವೆಂಟ್ಸ್ ನನ್" ಕೊಡಿ. ಯಾವುದು ಮೇಲೆ ಎಂದು ಹೇಳುವ ಝಡ್-ಇಂಡೆಕ್ಸನ್ನು 9999, 99999 ಎಂದು ಏರಿಸುತ್ತಾ ಹೋಗುವುದು ನಮ್ಮಲ್ಲಿ ಒಂದು ರೂಢಿಯೇ ಆಗಿಬಿಟ್ಟಿದೆ. ಅದರಿಂದ ನಾಳೆ ಮೆನು ಪಟ್ಟಿಯ ಮೇಲೆ ಚುಕ್ಕಿ ತೇಲುತ್ತದೆ.

## ಯಾವ ಚುಕ್ಕಿ ಒತ್ತಿದರೂ ಒಂದೇ ಕಡೆ ಹೋಗುತ್ತದೆ

ಕೈಯಾರೆ ಬರೆದ ಕೋಡಿನ ಲಕ್ಷಣ ಇದು. ಲೂಪ್ ಹಾಕಿ ಪ್ರತಿ ಚುಕ್ಕಿಗೂ ಕ್ಲಿಕ್ ಕೊಟ್ಟಿದ್ದೀರಿ, ಎಣಿಕೆಯ "ಐ"ಯನ್ನು "ವಾರ್" ಎಂದು ಘೋಷಿಸಿದ್ದೀರಿ. ಐದು ಚುಕ್ಕಿಗೂ ಸೇರಿ "ಐ" ಒಂದೇ. ನೀವು ಒತ್ತುವ ಹೊತ್ತಿಗೆ ಲೂಪ್ ಮುಗಿದು ಅದು 5 ಆಗಿ ಕೂತಿರುತ್ತದೆ. ಎಣಿಕೆ ಸೊನ್ನೆಯಿಂದ ನಾಲ್ಕರವರೆಗೆ, ಐದನೇ ಸ್ಥಾನದಲ್ಲಿ ಚಿತ್ರವೇ ಇಲ್ಲ. ಕೋಡ್ ಸೌಮ್ಯವಾಗಿದ್ದರೆ ಕೊನೆಯ ಅಥವಾ ಮೊದಲ ಚಿತ್ರಕ್ಕೆ ಹೋಗುತ್ತದೆ, ಇಲ್ಲವಾದರೆ ಖಾಲಿ ಪರದೆ. "ವಾರ್" ತೆಗೆದು "ಲೆಟ್" ಹಾಕಿ, ಪ್ರತಿ ಸುತ್ತಿಗೂ ಹೊಸ "ಐ" ಹುಟ್ಟುತ್ತದೆ.

ಒತ್ತಿದ್ದಕ್ಕಿಂತ ಒಂದು ಮುಂದಿನ ಚಿತ್ರಕ್ಕೆ ಹೋಗುತ್ತಿದ್ದರೆ ಎಲ್ಲೋ ಒಂದು ಕಡೆ ಒಂದರಿಂದ, ಇನ್ನೊಂದು ಕಡೆ ಸೊನ್ನೆಯಿಂದ ಎಣಿಸುತ್ತಿದ್ದೀರಿ.

## ಚಿತ್ರ ಜರುಗುತ್ತದೆ, ಚುಕ್ಕಿ ಹಿಂಬಾಲಿಸುವುದಿಲ್ಲ

ನನ್ನ ಸಮಯವನ್ನು ಅತಿ ಹೆಚ್ಚು ತಿಂದ ಲಕ್ಷಣವಿದು. ಕಾಣದ ಚುಕ್ಕಿಯನ್ನು ಜನ ಗಮನಿಸುವುದೂ ಇಲ್ಲ, ಆದರೆ ಮೂರನೇ ಚಿತ್ರದಲ್ಲಿ ನಿಂತು ಎರಡನೇ ಚುಕ್ಕಿ ಹೊಳೆದರೆ ತಾಣವೇ ಕೆಟ್ಟಿದೆ ಎನ್ನುತ್ತಾರೆ.

ಮೊದಲು ಹೀಗೆ ಪರೀಕ್ಷಿಸಿ. ಚುಕ್ಕಿ ಒತ್ತಿ ಜರುಗಿಸಿ, ಬಾಣದ ಗುರುತಿನಿಂದ ಜರುಗಿಸಿ, ಬೆರಳಿನಿಂದ ಎಳೆದು ಜರುಗಿಸಿ, ತಾನಾಗಿಯೇ ಜರುಗಲು ಬಿಡಿ. ನಾಲ್ಕರಲ್ಲಿ ಯಾವುದರಲ್ಲಿ ಚುಕ್ಕಿ ಹಿಂದುಳಿಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಚುಕ್ಕಿ ಒತ್ತಿದಾಗ ಮಾತ್ರ ಸರಿ, ಉಳಿದದ್ದರಲ್ಲಿ ತಪ್ಪು ಎಂದಾದರೆ ಚುಕ್ಕಿಯ ಬಣ್ಣ ಬದಲಿಸುವ ಸಾಲನ್ನು ಚುಕ್ಕಿಯ ಕ್ಲಿಕ್‌ನೊಳಗೇ ಬರೆದಿದ್ದೀರಿ. ಅದರ ಜಾಗ ಅಲ್ಲಲ್ಲ. ಈಗ ಯಾವ ಚಿತ್ರ ಎಂಬ ಸಂಖ್ಯೆ ಇಡೀ ಕೋಡಿನಲ್ಲಿ ಒಂದೇ ಕಡೆ ಇರಬೇಕು, ಆ ಸಂಖ್ಯೆ ಬದಲಾದಾಗ ಚಿತ್ರವನ್ನೂ ಚುಕ್ಕಿಯನ್ನೂ ಒಂದೇ ಫಂಕ್ಷನ್ ತಿದ್ದಬೇಕು. ಬಾಣ, ಬೆರಳು, ಟೈಮರ್ ಎಲ್ಲವೂ ಸಂಖ್ಯೆಯನ್ನು ಮಾತ್ರ ಮುಟ್ಟಲಿ. ಲೆಕ್ಕದ ಪುಸ್ತಕ ಎರಡಾದ ಅಂಗಡಿಯಲ್ಲಿ ಸಂಜೆ ಹೊತ್ತಿಗೆ ಲೆಕ್ಕ ಹೊಂದುವುದಿಲ್ಲ.

ಮೊದಲ ಚಿತ್ರದಿಂದ ಹಿಂದಕ್ಕೆ ಹೋದಾಗ ಚುಕ್ಕಿಗಳೆಲ್ಲ ಆರಿಹೋಗುತ್ತವೆಯೇ? ಜಾವಾಸ್ಕ್ರಿಪ್ಟ್‌ನಲ್ಲಿ ಋಣ ಒಂದನ್ನು ಐದರಿಂದ ಭಾಗಿಸಿದ ಶೇಷ ನಾಲ್ಕಲ್ಲ, ಋಣ ಒಂದೇ. ಋಣ ಒಂದನೇ ಚುಕ್ಕಿ ಎಂಬುದಿಲ್ಲ. ಶೇಷ ತೆಗೆಯುವ ಮೊದಲು ಒಟ್ಟು ಚಿತ್ರಗಳ ಸಂಖ್ಯೆಯನ್ನು ಕೂಡಿಸಿ: ಋಣ ಒಂದಕ್ಕೆ ಐದು ಕೂಡಿದರೆ ನಾಲ್ಕು, ಶೇಷವೂ ನಾಲ್ಕು, ಕೊನೆಯ ಚುಕ್ಕಿ ಹೊಳೆಯುತ್ತದೆ.

ಬೆರಳಿನಿಂದ ಎಳೆದು ಬಿಟ್ಟಾಗ ಹತ್ತಿರದ ಚಿತ್ರಕ್ಕೆ ತಾನಾಗಿ ಹೊಂದಿಕೊಳ್ಳುವ ಸ್ಕ್ರೋಲ್-ಸ್ನ್ಯಾಪ್ ಸ್ಲೈಡರ್‌ನಲ್ಲಿ ಆರಂಭದ ಚಿತ್ರಗಳಿಗೆ ಸರಿಯಿದ್ದು ಮುಂದೆ ಮುಂದೆ ಹೋದಂತೆ ತಪ್ಪುವುದು ಇನ್ನೊಂದು ಬಗೆ. ಒಂದು ನಿಜವಾದ ಲೆಕ್ಕ ನೋಡೋಣ. ಮೊಬೈಲ್‌ನಲ್ಲಿ ಪೆಟ್ಟಿಗೆಯ ಅಗಲ 320 ಪಿಕ್ಸೆಲ್. ಮುಂದಿನ ಚಿತ್ರದ ಅಂಚು ಇಣುಕಲಿ ಎಂದು ಪ್ರತಿ ಚಿತ್ರಕ್ಕೆ 260 ಕೊಟ್ಟಿದ್ದೀರಿ, ನಡುವೆ 16ರ ಅಂತರ. ಹಾಗಾದರೆ ಒಂದು ಹೆಜ್ಜೆ 276. ಆದರೆ ಕೋಡಿನಲ್ಲಿ ಸ್ಕ್ರೋಲ್ ಆದ ದೂರವನ್ನು ಪೆಟ್ಟಿಗೆಯ ಅಗಲ 320ರಿಂದ ಭಾಗಿಸಿದ್ದೀರಿ. ಎರಡನೇ ಚಿತ್ರಕ್ಕೆ ಬಂದಾಗ 276 ಭಾಗ 320, ಅಂದರೆ 0.86, ಪೂರ್ಣಕ್ಕೆ ತಿರುಗಿಸಿದರೆ 1, ಎಣಿಕೆ ಸೊನ್ನೆಯಿಂದಾದ್ದರಿಂದ ಸರಿ. ಮೂರನೆಯದಕ್ಕೆ 1.7, ಸರಿ. ನಾಲ್ಕನೆಯದಕ್ಕೆ 2.6, ಅದೂ ಸರಿ. ಐದನೆಯದಕ್ಕೆ ಬಂದಾಗ 1104 ಭಾಗ 320, ಅಂದರೆ 3.45. ಪೂರ್ಣಕ್ಕೆ ತಂದರೆ 3. ಐದನೇ ಚಿತ್ರದಲ್ಲಿ ನಿಂತು ನಾಲ್ಕನೇ ಚುಕ್ಕಿ ಹೊಳೆಯುತ್ತದೆ. ಮೂರು ಚಿತ್ರ ಹಾಕಿ ಪರೀಕ್ಷಿಸಿ, ಸರಿಯಿದೆ ಎಂದು ತಾಣ ಒಪ್ಪಿಸಿ ಬಂದವರಿಗೆ ಇದು ಗೊತ್ತೇ ಆಗುವುದಿಲ್ಲ. ಹೆಜ್ಜೆಯನ್ನು ಊಹಿಸದೆ ಅಳೆಯಿರಿ: ಎರಡನೇ ಚಿತ್ರದ "ಆಫ್‌ಸೆಟ್-ಲೆಫ್ಟ್"ನಿಂದ ಮೊದಲನೆಯದರದ್ದನ್ನು ಕಳೆದರೆ ಅಂತರವೂ ಸೇರಿದ ನಿಜವಾದ ಹೆಜ್ಜೆ ಸಿಗುತ್ತದೆ.

ಅದೇ ಭಾಗಾಕಾರದಲ್ಲಿ ಹತ್ತಿರದ ಪೂರ್ಣಕ್ಕೆ ತರುವ "ರೌಂಡ್" ಬದಲು ಕೆಳಗಿನ ಪೂರ್ಣಕ್ಕೆ ಇಳಿಸುವ "ಫ್ಲೋರ್" ಬಳಸಿದ್ದರೆ ಕೆಲವರ ಕಂಪ್ಯೂಟರ್‌ನಲ್ಲಿ ಮಾತ್ರ ಚುಕ್ಕಿ ಒಂದು ಹಿಂದೆ ಉಳಿಯುತ್ತದೆ. ಪರದೆಯನ್ನು ಶೇ. 125ಕ್ಕೆ ಹಿಗ್ಗಿಸಿಕೊಂಡವರಲ್ಲಿ ಸ್ಕ್ರೋಲ್ ದೂರ 828 (276ರ ಮೂರು ಹೆಜ್ಜೆ) ಆಗದೆ 827.5ಕ್ಕೆ ನಿಲ್ಲಬಹುದು. ಆ ಅರ್ಧ ಪಿಕ್ಸೆಲ್ ಸಾಕು, "ಫ್ಲೋರ್" 3ರ ಬದಲು 2 ಕೊಡಲು.

ಸ್ವೈಪರ್‌ನಲ್ಲಿ ನೀವೇ ಚುಕ್ಕಿ ಬಿಡಿಸಿಕೊಂಡು, ಕೊನೆಯಿಂದ ಮೊದಲಿಗೆ ಸುತ್ತುವ ಲೂಪ್ ಇಟ್ಟಿದ್ದರೆ "ಆಕ್ಟಿವ್-ಇಂಡೆಕ್ಸ್" ನಂಬಬೇಡಿ, "ರಿಯಲ್-ಇಂಡೆಕ್ಸ್" ಕೇಳಿ. 9ನೇ ಆವೃತ್ತಿಗೆ ಮೊದಲು ಲೂಪ್‌ಗಾಗಿ ಸ್ವೈಪರ್ ಚಿತ್ರಗಳ ನಕಲುಗಳನ್ನು ಹಿಂದೆ ಮುಂದೆ ಅಂಟಿಸುತ್ತಿತ್ತು, "ಆಕ್ಟಿವ್-ಇಂಡೆಕ್ಸ್" ಆ ನಕಲುಗಳನ್ನೂ ಸೇರಿಸಿ ಎಣಿಸುತ್ತಿತ್ತು.

ಚುಕ್ಕಿ ಒತ್ತಿದ ಮರುಕ್ಷಣ ಚಿತ್ರ ಇನ್ನೊಂದು ಹೆಜ್ಜೆ ಹಾರಿದರೆ ಅದು ಟೈಮರ್‌ನ ಅವಸರ. ಒತ್ತಿದಾಗ ಹಳೆಯ ಟೈಮರ್ ನಿಲ್ಲಿಸಿ ಹೊಸದನ್ನು ಹೂಡಿ. ನಿಲ್ಲಿಸದೆ ಹೊಸದು ಹೂಡುತ್ತಾ ಹೋದರೆ ಹತ್ತು ಸಲ ಒತ್ತಿದ ಮೇಲೆ ಹನ್ನೊಂದು ಟೈಮರ್ ಓಡುತ್ತಿರುತ್ತವೆ. ಆಗ ಸ್ಲೈಡರ್‌ನ ಓಟ ನೋಡಬೇಕು!

## ಚುಕ್ಕಿಗಳ ಸಂಖ್ಯೆ ಹೊಂದುತ್ತಿಲ್ಲ

ಒಂಬತ್ತು ಚಿತ್ರ, ಚುಕ್ಕಿ ಏಳೇ. ಒಮ್ಮೆಗೆ ಮೂರು ತೋರಿಸಿ ಒಂದೊಂದಾಗಿ ಜರುಗಿಸುವಾಗ ನಿಲ್ಲುವ ಜಾಗಗಳೇ ಏಳು, ಸ್ವೈಪರ್ ಅದನ್ನು ಎಣಿಸಿದೆ. ಮೂರು ಮೂರಾಗಿ ಜರುಗಬೇಕೆಂದರೆ "ಸ್ಲೈಡ್ಸ್-ಪರ್-ಗ್ರೂಪ್" 3 ಮಾಡಿ, ಚುಕ್ಕಿ ಮೂರಾಗುತ್ತವೆ.

ಸ್ಲೈಡರ್ ಟ್ಯಾಬ್‌ನೊಳಗೋ ಪಾಪ್‌ಅಪ್‌ನೊಳಗೋ ಇದ್ದರೆ ಬೇರೆ ಕಥೆ. ಮುಚ್ಚಿದ ಟ್ಯಾಬ್‌ನ ಅಗಲ ಸೊನ್ನೆ. ಆ ಹೊತ್ತಿಗೆ ಅಳೆದುಕೊಂಡ ಲೈಬ್ರರಿಯ ಲೆಕ್ಕವೆಲ್ಲ ಸೊನ್ನೆಯ ಮೇಲೆ ನಿಂತಿರುತ್ತದೆ. ಪರೀಕ್ಷೆ ಸುಲಭ: ಟ್ಯಾಬ್ ತೆರೆದು ಕಿಟಕಿಯ ಅಂಚನ್ನು ಸ್ವಲ್ಪ ಎಳೆಯಿರಿ. ಥಟ್ಟನೆ ಸರಿಹೋದರೆ ಇದೇ ಕಾರಣ. ಟ್ಯಾಬ್ ತೆರೆದ ಮೇಲೆ ಸ್ವೈಪರ್‌ಗೆ "ಅಪ್‌ಡೇಟ್", ಸ್ಲಿಕ್‌ಗೆ "ಸೆಟ್-ಪೊಸಿಷನ್" ಎಂದು ಹೇಳಿಸಿ.

ಒಂದೇ ಪುಟದಲ್ಲಿ ಎರಡು ಸ್ಲೈಡರ್ ಇದ್ದು, ಒಂದನ್ನು ಒತ್ತಿದರೆ ಇನ್ನೊಂದರ ಚುಕ್ಕಿ ಹೊಳೆಯುತ್ತಿದ್ದರೆ ಕೋಡ್ ಚುಕ್ಕಿಗಳನ್ನು ಇಡೀ ಪುಟದಲ್ಲಿ ಹುಡುಕುತ್ತಿದೆ. ಆಯಾ ಸ್ಲೈಡರ್‌ನ ಪೆಟ್ಟಿಗೆಯೊಳಗೆ ಮಾತ್ರ ಹುಡುಕುವಂತೆ ಕಟ್ಟಿಹಾಕಿ.

## ಮೊಬೈಲ್‌ನಲ್ಲಿ ಒತ್ತಲು ಕಷ್ಟ, ಆಕಾರವೂ ಕೆಟ್ಟಿದೆ

ಚುಕ್ಕಿಗಳು ಮೊಟ್ಟೆಯಂತಾಗಿದ್ದರೆ ಥೀಮ್ ಎಲ್ಲ ಬಟನ್‌ಗಳಿಗೂ ಕೊಟ್ಟಿರುವ ಪ್ಯಾಡಿಂಗ್ ಇವಕ್ಕೂ ತಗುಲಿದೆ, ಅಥವಾ ಫ್ಲೆಕ್ಸ್ ಸಾಲಿನಲ್ಲಿ ಜಾಗ ಸಾಲದೆ ಒತ್ತಿಹೋಗಿವೆ. ಪ್ಯಾಡಿಂಗ್ ಸೊನ್ನೆ ಮಾಡಿ, "ಫ್ಲೆಕ್ಸ್ ನನ್" ಕೊಡಿ.

ಸ್ವೈಪರ್‌ನ ಚುಕ್ಕಿ ಮೂಲದಲ್ಲಿ 8 ಪಿಕ್ಸೆಲ್. ಹೆಬ್ಬೆರಳಿಗೆ ಅದು ಎಳ್ಳುಕಾಳು. 2023ರ ಅಕ್ಟೋಬರ್‌ನಲ್ಲಿ ಪ್ರಕಟವಾದ ವೆಬ್ ಸುಗಮತೆಯ ಮಾರ್ಗಸೂಚಿ 2.2 ಒತ್ತುವ ಗುರಿ ಕನಿಷ್ಠ 24 ಬೈ 24 ಪಿಕ್ಸೆಲ್ ಇರಲಿ, ಚಿಕ್ಕದಿದ್ದರೆ ಪಕ್ಕದ ಗುರಿಯಿಂದ ಸಾಕಷ್ಟು ಅಂತರವಾದರೂ ಇರಲಿ ಎನ್ನುತ್ತದೆ. ಹಾಗೆಂದು ಚುಕ್ಕಿಯನ್ನೇ ಉಬ್ಬಿಸಬೇಕಿಲ್ಲ. 24 ಪಿಕ್ಸೆಲ್‌ನ ಪಾರದರ್ಶಕ ಬಟನ್ ಮಾಡಿ, ನಡುವೆ 8ರ ಚುಕ್ಕಿ ಬಿಡಿಸಿ. ಚಿತ್ರಗಳು ಇಪ್ಪತ್ತು ದಾಟಿದರೆ ಚುಕ್ಕಿಗಳ ಆಸೆ ಬಿಟ್ಟು "3 / 24" ಎಂದು ತೋರಿಸುವುದೇ ಮೇಲು.

## ಪರದೆ ಓದುವ ತಂತ್ರಾಂಶ "ಬಟನ್, ಬಟನ್" ಎನ್ನುತ್ತದೆ

ಕೀಲಿಮಣೆಯ ಟ್ಯಾಬ್ ಕೀಲಿ ಒತ್ತುತ್ತಾ ಹೋಗಿ. ಚುಕ್ಕಿಗಳ ಮೇಲೆ ನಿಲ್ಲದೆ ಮುಂದೆ ಹೋದರೆ ಅವು ಸ್ಪ್ಯಾನ್‌ಗಳು. ಬಟನ್ ಟ್ಯಾಗ್ ಹಾಕಿ ಎಂದದ್ದು ಇದಕ್ಕೇ. ಪ್ರತಿ ಬಟನ್‌ಗೂ ಏರಿಯಾ-ಲೇಬಲ್‌ನಲ್ಲಿ (ಆ ತಂತ್ರಾಂಶ ಓದುವ ಹೆಸರಿನಲ್ಲಿ) "ಐದರಲ್ಲಿ ಮೂರನೇ ಚಿತ್ರ" ಎಂದು ಕನ್ನಡದಲ್ಲೇ ಬರೆಯಿರಿ, ಪುಟದ ಭಾಷೆಯನ್ನೂ ಕನ್ನಡ ಎಂದು ಘೋಷಿಸಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ, ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶದಲ್ಲಿ ಕನ್ನಡ ಧ್ವನಿ ಇದೆ, ಕಿವಿಗೊಟ್ಟು ಪರೀಕ್ಷಿಸಬಹುದು. ಸ್ವೈಪರ್‌ನ ಸುಗಮತಾ ಮಾಡ್ಯೂಲ್ ಚುಕ್ಕಿಗಳಿಗೆ ಇಂಗ್ಲಿಷ್ ವಾಕ್ಯ ಇಡುತ್ತದೆ, ಅದನ್ನು ಬದಲಿಸುವ ಆಯ್ಕೆ ಅಲ್ಲೇ ಇದೆ. ಸ್ಲೈಡರ್ ತಾನಾಗಿಯೇ ಓಡುವಂತಿದ್ದರೆ ನಿಲ್ಲಿಸುವ ಗುಂಡಿಯನ್ನೂ ಕೊಡಿ.

## ಯಾವಾಗ ಕೈಬಿಟ್ಟು ಬೇರೆಯವರನ್ನು ಕರೆಯಬೇಕು

ಹಣ ಪಾವತಿ ಇರುವ ತಾಣದಲ್ಲಿ ಚುಕ್ಕಿಗಾಗಿ ಜೆಕ್ವೆರಿಯ ಆವೃತ್ತಿ ಬದಲಿಸಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ಅದೇ ಜೆಕ್ವೆರಿಯ ಮೇಲೆ ಬುಕಿಂಗ್ ಫಾರ್ಮ್ ನಿಂತಿರಬಹುದು. ಕೋಡೆಲ್ಲ ಒಂದೇ ಸಾಲಿಗೆ ಹಿಂಡಿದ ಕಡತವಾಗಿದ್ದು ಮೂಲ ನಿಮ್ಮ ಬಳಿ ಇಲ್ಲದಿದ್ದರೆ ಆ ಸಾಲಿನೊಳಗೆ ಕೈಯಾಡಿಸಬೇಡಿ, ಮಾಡಿಕೊಟ್ಟವರನ್ನೇ ಕೇಳಿ. ಪುಟದಲ್ಲಿ ನೀವು ಹಾಕದ, ಗುರುತಿಲ್ಲದ ವಿಳಾಸದಿಂದ ಸ್ಕ್ರಿಪ್ಟ್ ಬರುತ್ತಿರುವುದು ಕಣ್ಣಿಗೆ ಬಿದ್ದರೆ ಚುಕ್ಕಿಯ ಮಾತು ಪಕ್ಕಕ್ಕಿಟ್ಟು ಅದೇ ದಿನ ಹೋಸ್ಟಿಂಗ್ ಕೊಟ್ಟವರಿಗೆ ತಿಳಿಸಿ, ಪಾಸ್‌ವರ್ಡ್‌ಗಳನ್ನು ಬದಲಿಸಿ.

ಸಹಾಯ ಕೇಳುವಾಗ "ಚುಕ್ಕಿ ಬರುತ್ತಿಲ್ಲ" ಎಂದಷ್ಟೇ ಬರೆಯಬೇಡಿ. ಲೈಬ್ರರಿಯ ಹೆಸರು ಮತ್ತು ಆವೃತ್ತಿ, ಕನ್ಸೋಲ್‌ನ ಮೊದಲ ಕೆಂಪು ಸಾಲು, ಮರದಲ್ಲಿ ಚುಕ್ಕಿ ಇದೆಯೋ ಇಲ್ಲವೋ, ಯಾವ ಬ್ರೌಸರ್, ಕೆಡುವ ಮುನ್ನ ಕೊನೆಗೆ ಬದಲಿಸಿದ್ದು ಏನು, ಇಷ್ಟನ್ನು ಕಳುಹಿಸಿ. ಕೊನೆಯದಕ್ಕೆ "ಏನೂ ಬದಲಿಸಿಲ್ಲ" ಎಂದು ಬರೆಯುವ ಮೊದಲು ಹೊಸ ಫೋಟೋ ಏರಿಸಿದ್ದೀರಾ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ.